ಕಟ್ಟಿಗೆ ಒಲೆಯ ಶಾಖ ಇಳಿಸಲು ಗಾಳಿ ಕಟ್ಟಬೇಕಾ, ಸೌದೆ ಕಡಿಮೆ ಹಾಕಬೇಕಾ?

ಇದು ಮನೆಯನ್ನು ಬೆಚ್ಚಗಿಡುವ ಕಟ್ಟಿಗೆ ಒಲೆಯ ಬಗ್ಗೆ. ಅಂದರೆ ಬಿಗಿಯಾಗಿ ಮುಚ್ಚುವ ಬಾಗಿಲು, ಗಾಳಿ ಬಿಡಲು ಸಣ್ಣ ಕಿಂಡಿ, ಹೊಗೆ ಹೋಗಲು ಚಿಮಣಿ ಇರುವ ಲೋಹದ ಒಲೆ. ಇಂಥ ಒಲೆ ಇರುವವರಿಗೆಲ್ಲ ಒಂದಲ್ಲ ಒಂದು ದಿನ ಬರುವ ಪ್ರಶ್ನೆ ಇದು: ಕೋಣೆ ವಿಪರೀತ ಕಾದಿದೆ, ಈಗ ಗಾಳಿ ಕಡಿಮೆ ಮಾಡಲಾ, ಸೌದೆ ಕಡಿಮೆ ಮಾಡಲಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಎಷ್ಟು ಶಾಖ ಬೇಕು ಅನ್ನುವುದನ್ನು ಸೌದೆಯಲ್ಲಿ ಅಳೆಯಿರಿ. ಗಾಳಿಯನ್ನು ಮಾತ್ರ ಜ್ವಾಲೆ ಕೇಳುವಷ್ಟು ಬಿಡಿ. ಒಲೆ ತುಂಬ ಸೌದೆ ಒಟ್ಟಿ, ಆಮೇಲೆ ಕಿಂಡಿ ಮುಚ್ಚಿ ಬೆಂಕಿಯ ಉಸಿರು ಕಟ್ಟುವುದು ಬಹಳ ಜನರ ಅಭ್ಯಾಸ. ಸುಲಭವೂ ಹೌದು. ಆದರೆ ಚಿಮಣಿಗೆ ಬೆಂಕಿ ಹತ್ತುವುದು, ಮನೆಯೊಳಗೆ ವಿಷಗಾಳಿ ಸೇರುವುದು, ಎರಡೂ ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತವೆ. ಕೆಳಗಿನ ಹೋಲಿಕೆಗಳನ್ನೆಲ್ಲ ಈ ಲೆಕ್ಕ ಇಟ್ಟುಕೊಂಡೇ ಬರೆದಿದ್ದೇನೆ.

ಚುರುಕು ಬೆಂಕಿಯೋ, ಹೊಗೆಯಾಡುವ ಬೆಂಕಿಯೋ

ಸೌದೆಗೆ ಬೆಂಕಿ ಇಟ್ಟ ತಕ್ಷಣ ಮರ ಉರಿಯುವುದಿಲ್ಲ. ಮೊದಲು ಅದರೊಳಗಿನ ನೀರು ಆವಿಯಾಗಿ ಹೋಗಬೇಕು. ಆಮೇಲೆ ಮರ ಕಾದು ಅನಿಲ ಬಿಡುತ್ತದೆ, ನಮಗೆ ಕಾಣುವ ಜ್ವಾಲೆ ಆ ಅನಿಲದ್ದು. ಕೊನೆಗೆ ಉಳಿಯುವುದು ಕೆಂಡ. ಮರದಲ್ಲಿರುವ ಶಾಖದ ಅರ್ಧದಷ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ, ಆ ಅನಿಲದಲ್ಲೇ ಇರುತ್ತದೆ. ಅದು ಪೂರ್ತಿ ಉರಿಯಬೇಕಾದರೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಸಾಕಷ್ಟು ಗಾಳಿ ಬೇಕು, ಗಾಳಿ ಅನಿಲ ಚೆನ್ನಾಗಿ ಬೆರೆಯಬೇಕು.

ಕಿಂಡಿ ಮುಚ್ಚಿದಾಗ ಇದೆಲ್ಲ ಕೆಡುತ್ತದೆ. ಜ್ವಾಲೆ ಸಾಯುತ್ತದೆ, ಆದರೆ ಮರ ಅನಿಲ ಬಿಡುವುದನ್ನು ನಿಲ್ಲಿಸುವುದಿಲ್ಲ. ಉರಿಯದ ಅನಿಲ ದಟ್ಟ ಹೊಗೆಯಾಗಿ ಮೇಲೇರುತ್ತದೆ, ಚಿಮಣಿಯೊಳಗೆ ಸುಮಾರು 120 ಡಿಗ್ರಿಗಿಂತ ತಣ್ಣಗಾದರೆ ಅಲ್ಲೇ ಗೋಡೆಗೆ ಡಾಂಬರಿನಂಥ ಕರಿ ಅಂಟಾಗಿ ಹಿಡಿಯುತ್ತದೆ. ಇದೇ ಕ್ರಿಯೋಸೋಟ್. ಇದು ಚೆನ್ನಾಗಿ ಉರಿಯುವ ವಸ್ತು. ಅಪಾಯ ಏನೆಂದರೆ, ಹೊಗೆಯಾಡಿಸಿದ ದಿನ ಏನೂ ಆಗುವುದಿಲ್ಲ. ವಾರಗಟ್ಟಲೆ ಕಿಂಡಿ ಮುಚ್ಚಿ ಉರಿಸಿದವರು ಒಂದು ದಿನ ಚಳಿ ಜಾಸ್ತಿ ಅಂತ ಜೋರು ಬೆಂಕಿ ಹಾಕುತ್ತಾರೆ, ಜ್ವಾಲೆ ಕೊಳವೆಯೊಳಗೆ ಏರುತ್ತದೆ, ಅಷ್ಟು ದಿನ ಕೂತಿದ್ದ ಅಂಟಿಗೆ ಆಗ ಬೆಂಕಿ ಹತ್ತುತ್ತದೆ. ಚಿಮಣಿ ಬೆಂಕಿಯ ಬಿಸಿ 1000 ಡಿಗ್ರಿ ದಾಟಬಹುದು. ಚಿಮಣಿಯಲ್ಲಿ ಬಿರುಕಿದ್ದರೆ ಬೆಂಕಿ ಸೀದಾ ಮನೆಯ ಮರದ ತೊಲೆಗೆ ಹೋಗುತ್ತದೆ.

ಚುರುಕು ಬೆಂಕಿಗೂ ತೊಂದರೆ ಇದೆ, ಅದನ್ನು ಮುಚ್ಚಿಡುವುದು ಬೇಡ. ಪದೇ ಪದೇ ಎದ್ದು ಸೌದೆ ಹಾಕಬೇಕು. ಕೋಣೆಯ ಬಿಸಿ ಏರಿಳಿಯುತ್ತದೆ. ರಾತ್ರಿಯಿಡೀ ಉಳಿಯುವುದಿಲ್ಲ. ಹಾಗಿದ್ದರೂ ನಾನು ಇದನ್ನೇ ಹೇಳುತ್ತೇನೆ: ಹದವಾದ ಬಿಸಿ ಸಾಕು ಅನ್ನುವ ದಿನ ಸಣ್ಣದಾಗಿ ಸೀಳಿದ ಎರಡು ಮೂರು ಸೌದೆ ಹಾಕಿ, ಚೆನ್ನಾಗಿ ಉರಿಸಿ, ಅದು ಕೆಂಡವಾದ ಮೇಲೆ ಮತ್ತೆ ಬೇಕಾ ಅಂತ ನೋಡಿ. ಒಂದೇ ಒಂದು ಸೌದೆ ಹಾಕಿದರೆ ಅದು ಹೊಗೆಯಾಡುತ್ತದೆ, ಎರಡು ಮೂರು ಇದ್ದರೆ ಒಂದರ ಬಿಸಿ ಇನ್ನೊಂದಕ್ಕೆ ತಾಗಿ ಉರಿ ನಿಲ್ಲುತ್ತದೆ.

ನಿಮ್ಮದು ಯಾವ ಬೆಂಕಿ ಅಂತ ತಿಳಿಯಬೇಕಾದರೆ ಹೊರಗೆ ಹೋಗಿ ಚಿಮಣಿಯ ತುದಿ ನೋಡಿ. ಹಚ್ಚಿ 20 ನಿಮಿಷ ಕಳೆದ ಮೇಲೂ ಬೂದು ಅಥವಾ ನೀಲಿ ಹೊಗೆ ದಟ್ಟವಾಗಿ ಬರುತ್ತಿದ್ದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಸೌದೆ ಹಸಿಯಾಗಿದೆ. ಒಲೆಯ ಗಾಜು ಪದೇ ಪದೇ ಕಪ್ಪಾಗುವುದು, ಒಳಗಿನ ಇಟ್ಟಿಗೆ ಮಸಿ ಹಿಡಿದೇ ಇರುವುದು ಕೂಡ ಅದೇ ಸೂಚನೆ.

ಹಸಿ ಸೌದೆ, ಒಣ ಸೌದೆ

ಇಲ್ಲಿ ಹೋಲಿಸುವಂಥದ್ದು ಏನೂ ಇಲ್ಲ, ಒಣ ಸೌದೆಯೇ ಬೇಕು. ಆದರೂ ಹೇಳುತ್ತಿದ್ದೇನೆ, ಯಾಕೆಂದರೆ ಗಾಳಿಯ ತೊಂದರೆ ಅಂತ ಅಂದುಕೊಳ್ಳುವುದರಲ್ಲಿ ಬಹಳಷ್ಟು ಸೌದೆಯ ತೊಂದರೆಯೇ ಆಗಿರುತ್ತದೆ. ತೇವ 20 ಶೇಕಡಾಕ್ಕಿಂತ ಕಡಿಮೆ ಇರಬೇಕು. ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. ಸೌದೆಯನ್ನು ಆಗಷ್ಟೇ ಸೀಳಿ ಒಳಗಿನ ಹೊಸ ಮುಖಕ್ಕೆ ಅದರ ಮುಳ್ಳು ಚುಚ್ಚಿ ನೋಡಿ, ಹೊರಮೈಗೆ ಚುಚ್ಚಿದರೆ ಸುಳ್ಳು ಅಂಕಿ ಬರುತ್ತದೆ. ಗಟ್ಟಿ ಮರವೋ ಮೆದು ಮರವೋ ಅನ್ನುವ ಚರ್ಚೆಗಿಂತ ಇದು ದೊಡ್ಡದು. ತೂಕಕ್ಕೆ ತೂಕ ಇಟ್ಟರೆ ಎರಡೂ ಹೆಚ್ಚುಕಡಿಮೆ ಅಷ್ಟೇ ಶಾಖ ಕೊಡುತ್ತವೆ. ಮೆದು ಮರ ಬೇಗ ಹತ್ತಿ ಬೇಗ ಮುಗಿಯುತ್ತದೆ, ಗಟ್ಟಿ ಮರದ ಕೆಂಡ ಜಾಸ್ತಿ ಹೊತ್ತು ಉಳಿಯುತ್ತದೆ, ಅಷ್ಟೇ. ಬಣ್ಣ ಬಳಿದ ಹಲಗೆ, ಗೆದ್ದಲು ಬಾರದಂತೆ ಔಷಧಿ ಹೊಡೆದ ಮರ, ಪ್ಲೈವುಡ್, ಪ್ಲಾಸ್ಟಿಕ್ ಇವನ್ನು ಒಲೆಗೆ ಹಾಕಲೇಬೇಡಿ. ಔಷಧಿ ಹೊಡೆದ ಹಳೆಯ ಮರದಲ್ಲಿ ಆರ್ಸೆನಿಕ್ ಕೂಡ ಇರಬಹುದು.

ಕೆಳಗಿನ ಗಾಳಿ, ಮೇಲಿನ ಗಾಳಿ, ಕೊಳವೆಯ ಡ್ಯಾಂಪರ್

ಹೆಚ್ಚಿನ ಗೊಂದಲ ಇಲ್ಲೇ ಇರುವುದು. ಒಂದು ಒಲೆಯಲ್ಲಿ ಎರಡು ಮೂರು ಹಿಡಿಕೆ ಇರುತ್ತವೆ, ಎಲ್ಲವೂ ಒಂದೇ ಕೆಲಸ ಮಾಡುತ್ತವೆ ಅನ್ನಿಸುತ್ತದೆ. ಆದರೆ ಅವುಗಳ ಕೆಲಸ ಬೇರೆ ಬೇರೆ.

ಕೆಳಗಿನ ಕಿಂಡಿಯಿಂದ ಬರುವ ಗಾಳಿ ಸೌದೆಯ ಬುಡಕ್ಕೆ, ಕೆಂಡಕ್ಕೆ ಸಿಗುತ್ತದೆ. ಬೆಂಕಿ ಹಚ್ಚುವಾಗ ಇದು ಬೇಕು. ಬೆಂಕಿ ಹಿಡಿದ ಮೇಲೂ ಇದನ್ನು ಪೂರ್ತಿ ತೆರೆದಿಟ್ಟರೆ ಬುಡ ಕಮ್ಮಾರನ ಕುಲುಮೆಯ ಹಾಗೆ ಕಾಯುತ್ತದೆ, ಜಾಲರಿ ಬಾಗುತ್ತದೆ, ಸೌದೆ ಬೇಗ ಮುಗಿಯುತ್ತದೆ, ಶಾಖ ಚಿಮಣಿಯಲ್ಲಿ ಹೋಗುತ್ತದೆ. ಬೂದಿ ತಟ್ಟೆಯ ಬಾಗಿಲನ್ನು ತೆರೆದಿಟ್ಟು ಗಾಳಿ ಕೊಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿಂದ ನುಗ್ಗುವ ಗಾಳಿಗೆ ಯಾವ ಹಿಡಿತವೂ ಇಲ್ಲ, ನಿಮಿಷಗಳಲ್ಲಿ ಒಲೆ ಮಿತಿ ಮೀರಿ ಕಾಯುತ್ತದೆ.

ಮೇಲಿನ ಗಾಳಿ ಒಲೆಯ ಮೈಯೊಳಗಿನ ದಾರಿಯಲ್ಲಿ ಕಾದು, ಸೌದೆಯ ಮೇಲ್ಗಡೆ ಸಣ್ಣ ತೂತುಗಳಿಂದ ಬರುತ್ತದೆ. ಏಳುತ್ತಿರುವ ಅನಿಲವನ್ನು ಉರಿಸುವುದು ಇದರ ಕೆಲಸ. ಬಹಳ ಒಲೆಗಳಲ್ಲಿ ಇದನ್ನು ಪೂರ್ತಿ ಮುಚ್ಚಲು ಬರದಂತೆಯೇ ಮಾಡಿರುತ್ತಾರೆ, ಅದು ಒಳ್ಳೆಯದಕ್ಕೇ. ತೂತಿಗೆ ಏನಾದರೂ ತುರುಕಿ ಮುಚ್ಚುವ ಯೋಚನೆ ಬೇಡ. ಕೆಲವು ಒಲೆಗಳಲ್ಲಿ ಗಾಜಿನ ಮುಂದೆ ಮೇಲಿಂದ ಕೆಳಗೆ ಇಳಿಯುವ ಗಾಳಿಯೂ ಇರುತ್ತದೆ, ಅದು ಗಾಜಿಗೆ ಮಸಿ ಹಿಡಿಯದಂತೆ ನೋಡಿಕೊಳ್ಳುತ್ತದೆ.

ಕೊಳವೆಯ ಡ್ಯಾಂಪರ್ ಅಂದರೆ ಹೊಗೆ ಕೊಳವೆಯೊಳಗೆ ತಿರುಗುವ ಒಂದು ತಟ್ಟೆ. ಇದು ಒಳಬರುವ ಗಾಳಿಯನ್ನು ನೇರವಾಗಿ ತಡೆಯುವುದಿಲ್ಲ, ಹೊರಹೋಗುವ ಹೊಗೆಯನ್ನು ತಡೆಯುತ್ತದೆ. ಅದಕ್ಕೇ ನನಗೆ ಇದರ ಬಗ್ಗೆ ಭಯ ಜಾಸ್ತಿ. ಒಳಗಾಳಿ ಕಡಿಮೆ ಮಾಡಿದರೆ ಹೊಗೆಗೆ ಹೊರಹೋಗುವ ದಾರಿ ಉಳಿದೇ ಇರುತ್ತದೆ. ಡ್ಯಾಂಪರ್ ಜಾಸ್ತಿ ಮುಚ್ಚಿದರೆ ಹೊಗೆಗೆ ಹೋಗಲು ಕೋಣೆಯೊಂದೇ ದಾರಿ. ತುಂಬಾ ಎತ್ತರದ ಚಿಮಣಿ ಇದ್ದು ಸೆಳೆತ (ಹೊಗೆಯನ್ನು ಮೇಲಕ್ಕೆ ಎಳೆಯುವ ಬಲ) ವಿಪರೀತವಾಗಿದ್ದರೆ, ಗಾಳಿಕಿಂಡಿ ಇಳಿಸಿದರೂ ಬೆಂಕಿ ಹಿಡಿತಕ್ಕೆ ಬರದಿದ್ದರೆ, ಆಗ ಡ್ಯಾಂಪರ್ ಉಪಯೋಗಕ್ಕೆ ಬರುತ್ತದೆ. ಹಾಕಿಸುವ ಮೊದಲು ಒಲೆಯ ಕೈಪಿಡಿ ಏನು ಹೇಳುತ್ತದೆ ನೋಡಿ, ಕೆಲವು ಒಲೆಗಳಿಗೆ ಬೇಡವೆಂದೇ ಬರೆದಿರುತ್ತಾರೆ. ಹಾಕಿಸಿದ ಮೇಲೆ ಬಾಗಿಲು ತೆರೆಯುವ ಮೊದಲು ಪ್ರತಿ ಸಲ ಡ್ಯಾಂಪರ್ ತೆರೆಯಬೇಕು, ಮರೆಯುವ ಹಾಗೇ ಇಲ್ಲ.

ಹಾಗಾಗಿ ಸಾಮಾನ್ಯ ಮನೆಯಲ್ಲಿ ಕ್ರಮ ಹೀಗಿರಲಿ ಅನ್ನುತ್ತೇನೆ. ಹಚ್ಚುವಾಗ ಎಲ್ಲ ತೆರೆದಿರಲಿ. ಬೆಂಕಿ ಹಿಡಿದು ಕೊಳವೆ ಕಾದ ಮೇಲೆ ಕೆಳಗಿನ ಗಾಳಿಯನ್ನು ಒಂದೇ ಸಲಕ್ಕೆ ಮುಚ್ಚದೆ ಎರಡು ಮೂರು ಹಂತದಲ್ಲಿ ಇಳಿಸಿ. ಪ್ರತಿ ಹಂತಕ್ಕೂ ಐದು ನಿಮಿಷ ಬಿಟ್ಟು ಜ್ವಾಲೆ ನೋಡಿ. ಹಳದಿ ಜ್ವಾಲೆ ನಿಧಾನವಾಗಿ ಆಡುತ್ತಿದ್ದರೆ ಸರಿ. ಕೆಂಪಾಗಿ ಮಂಕಾಗಿ ತುದಿಯಲ್ಲಿ ಹೊಗೆ ಬಿಡುತ್ತಿದ್ದರೆ ಜಾಸ್ತಿ ಇಳಿಸಿದ್ದೀರಿ, ಸ್ವಲ್ಪ ತೆರೆಯಿರಿ. ಪ್ರತಿ ಸಲ ಹೊಸ ಸೌದೆ ಹಾಕಿದಾಗಲೂ ಕೆಲವು ನಿಮಿಷ ಗಾಳಿ ಜಾಸ್ತಿ ಕೊಟ್ಟು ಆಮೇಲೆ ಇಳಿಸಿ.

ಕೆಳಗಿನಿಂದ ಹಚ್ಚುವುದು, ಮೇಲಿಂದ ಹಚ್ಚುವುದು

ನಮಗೆಲ್ಲ ಗೊತ್ತಿರುವುದು ಕೆಳಗೆ ಕಾಗದ, ಪುಳ್ಳೆ, ಮೇಲೆ ದೊಡ್ಡ ಸೌದೆ. ಬೇಗ ಹತ್ತುತ್ತದೆ, ಆದರೆ ಮೇಲಿನ ತಣ್ಣನೆ ಸೌದೆ ಕೆಳಗಿನ ಬೆಂಕಿಗೆ ಹೊಗೆ ಬಿಡುತ್ತದೆ, ಆ ಹೊಗೆ ಇನ್ನೂ ತಣ್ಣಗಿರುವ ಚಿಮಣಿಗೆ ಹೋಗುತ್ತದೆ. ಇದನ್ನು ತಲೆಕೆಳಗು ಮಾಡಿ ನೋಡಿ. ಅಡಿಯಲ್ಲಿ ದಪ್ಪ ಸೌದೆ, ಅದರ ಮೇಲೆ ಸಣ್ಣ ಸೀಳು, ತುದಿಯಲ್ಲಿ ಪುಳ್ಳೆ ಇಟ್ಟು ಮೇಲಿಂದ ಹಚ್ಚಿ. ಬೆಂಕಿ ನಿಧಾನವಾಗಿ ಕೆಳಗಿಳಿಯುತ್ತದೆ, ಕೆಳಗಿನ ಸೌದೆಯಿಂದ ಏಳುವ ಅನಿಲ ಮೇಲಿರುವ ಜ್ವಾಲೆಯನ್ನು ದಾಟಿಯೇ ಹೋಗಬೇಕು, ಅಲ್ಲೇ ಉರಿದುಹೋಗುತ್ತದೆ. ಹೊಗೆ ಎದ್ದು ಕಾಣುವಷ್ಟು ಕಡಿಮೆ. ಚಿಮಣಿ ಬೇಗ ಕಾಯುತ್ತದೆ. ಮೊದಮೊದಲು ನಂಬಿಕೆ ಬರುವುದಿಲ್ಲ, ಆದರೆ ತಣ್ಣನೆಯ ಒಲೆಗೆ ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ. ಕೆಂಡ ಇರುವಾಗ ಮಾತ್ರ ಹಳೆಯ ರೀತಿಯೇ ಸರಿ: ಕೆಂಡವನ್ನು ಗಾಳಿ ಬರುವ ಕಡೆಗೆ ಎಳೆದು ಅದರ ಹಿಂದೆ, ಮೇಲೆ ಸೌದೆ ಇಡಿ.

ಚಿಮಣಿ ತುಂಬಾ ತಣ್ಣಗಿದ್ದು ಹಚ್ಚಿದ ಹೊಗೆ ಕೋಣೆಗೇ ವಾಪಸು ಬರುತ್ತಿದ್ದರೆ, ಮೊದಲು ಒಂದು ಹಾಳೆ ಕಾಗದವನ್ನು ಕೊಳವೆಯ ಬಾಯಿಯ ಹತ್ತಿರ ಉರಿಸಿ. ಒಳಗಿನ ತಣ್ಣನೆ ಗಾಳಿ ಮೇಲಕ್ಕೆ ಸರಿಯುತ್ತದೆ, ಸೆಳೆತ ಶುರುವಾಗುತ್ತದೆ. ಪೆಟ್ರೋಲ್, ಸೀಮೆಎಣ್ಣೆ, ಸ್ಪಿರಿಟ್ ಸುರಿದು ಹಚ್ಚುವುದು ಯಾವ ಕಾರಣಕ್ಕೂ ಬೇಡ.

ಕೋಣೆಯ ಗಾಳಿಯೋ, ಹೊರಗಿನ ಗಾಳಿಯೋ

ಒಲೆ ಎಷ್ಟು ಗಾಳಿ ಚಿಮಣಿಗೆ ಕಳಿಸುತ್ತದೋ ಅಷ್ಟು ಗಾಳಿ ಮನೆಗೆ ಎಲ್ಲಿಂದಾದರೂ ಬರಲೇಬೇಕು. ಸಂದುಗೊಂದು ಇರುವ ಹಳೆಯ ಮನೆಯಲ್ಲಿ ಅದು ಬಾಗಿಲು ಕಿಟಕಿಯ ಸಂದಿನಿಂದ ಬಂದುಬಿಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಬಿಗಿಯಾಗಿ ಕಟ್ಟಿದ ಹೊಸ ಮನೆಯಲ್ಲಿ ಬರುವುದಿಲ್ಲ. ಅದರ ಮೇಲೆ ಅಡುಗೆಮನೆ, ಬಚ್ಚಲುಮನೆಯ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿದ್ದರೆ ಅದು ಚಿಮಣಿಯ ಜೊತೆ ಜಗ್ಗಾಟಕ್ಕೆ ನಿಲ್ಲುತ್ತದೆ. ಚಿಮಣಿಯ ಸೆಳೆತ ಬಹಳ ಚಿಕ್ಕದು, ಸಾಮಾನ್ಯವಾಗಿ 12 ಪ್ಯಾಸ್ಕಲ್ ಆಸುಪಾಸು. ಒಂದು ಜೋರು ಫ್ಯಾನ್ ಅದನ್ನು ಸುಲಭವಾಗಿ ಸೋಲಿಸುತ್ತದೆ. ಆಗ ಹೊಗೆ ಕೆಳಗೆ ಬರುತ್ತದೆ.

ಹೊರಗಿನಿಂದ ನೇರವಾಗಿ ಒಲೆಗೇ ಪೈಪ್ ಎಳೆಯುವುದು ಒಂದು ದಾರಿ. ಹೊಸ ಬಿಗಿ ಮನೆಗೆ ನಾನು ಇದನ್ನೇ ಆರಿಸುತ್ತೇನೆ. ಕೋಣೆಯ ಬೆಚ್ಚನೆ ಗಾಳಿ ಸುಮ್ನೆ ಚಿಮಣಿಗೆ ಹೋಗುವುದು ತಪ್ಪುತ್ತದೆ, ಬಾಗಿಲ ಸಂದಿನಿಂದ ಬರುವ ಚಳಿಗಾಳಿಯೂ ಕಡಿಮೆಯಾಗುತ್ತದೆ. ಹೊರಗಿನ ಬಾಯಿಗೆ ಜಾಲರಿ ಹಾಕಿ, ಎಲೆ ಮತ್ತು ಹುಳುಗೂಡು ಕಟ್ಟದಂತೆ ಆಗಾಗ ನೋಡಬೇಕು. ಹಳೆಯ ಮನೆಗೆ ಇದು ಕಡ್ಡಾಯವಲ್ಲ. ಅಲ್ಲಿ ಒಲೆ ಉರಿಯುವಾಗ ಎಕ್ಸಾಸ್ಟ್ ಫ್ಯಾನ್ ನಿಲ್ಲಿಸಿದರೆ, ಕೋಣೆಯಲ್ಲಿ ಸದಾ ತೆರೆದಿರುವ ಒಂದು ಗಾಳಿಕಿಂಡಿ ಇದ್ದರೆ ಸಾಕಾಗಬಹುದು. ಪರೀಕ್ಷೆ ಸುಲಭ: ಸೆಳೆತ ಮಂದವಾಗಿದೆ ಅನ್ನಿಸಿದಾಗ ಹತ್ತಿರದ ಕಿಟಕಿ ಒಂದಿಷ್ಟು ತೆರೆಯಿರಿ. ಬೆಂಕಿ ತಕ್ಷಣ ಚುರುಕಾದರೆ ಮನೆಗೆ ಗಾಳಿ ಸಾಲುತ್ತಿಲ್ಲ. ಏನೂ ಬದಲಾಗದಿದ್ದರೆ ತೊಂದರೆ ಬಹುಶಃ ಚಿಮಣಿಯಲ್ಲಿದೆ: ಮಸಿ ಕಟ್ಟಿರಬಹುದು, ಇಲ್ಲವೇ ಎತ್ತರ ಕಡಿಮೆ ಇರಬಹುದು. ಚಿಮಣಿ ಮಾಡನ್ನು ತೂರಿ ಬಂದ ಜಾಗದಿಂದ ಕನಿಷ್ಠ 90 ಸೆಂಟಿಮೀಟರ್ ಎತ್ತರ ಇರಬೇಕು, 3 ಮೀಟರ್ ಒಳಗಿರುವ ಯಾವುದೇ ಮಾಡು ಗೋಡೆಗಿಂತ 60 ಸೆಂಟಿಮೀಟರ್ ಮೇಲಿರಬೇಕು ಅನ್ನುವುದು ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕ.

ಯಾವ ಥರ್ಮಾಮೀಟರ್?

ಕೊಳವೆಗೆ ಅಂಟುವ ಅಯಸ್ಕಾಂತದ ಥರ್ಮಾಮೀಟರ್ ಅಗ್ಗ, ಹಾಕುವುದು ಸುಲಭ. ಒಂದೇ ಪದರದ ಕೊಳವೆಗೆ, ಒಲೆಯಿಂದ ಅರ್ಧ ಮೀಟರ್ ಮೇಲೆ ಅಂಟಿಸಿ. ಮೇಲ್ಮೈ ಬಿಸಿ 120ರಿಂದ 240 ಡಿಗ್ರಿ ನಡುವೆ ಇದ್ದರೆ ಒಳ್ಳೆಯದು. ಕೆಳಗಿದ್ದರೆ ಅಂಟು ಕಟ್ಟುತ್ತದೆ, ಬಹಳ ಮೇಲಿದ್ದರೆ ಶಾಖ ಹಾಳಾಗುತ್ತಿದೆ, ಒಲೆಗೂ ಕಷ್ಟ. ಒಳಗಿನ ಹೊಗೆಯ ಬಿಸಿ ಇದರ ಸುಮಾರು ಎರಡು ಪಟ್ಟು ಇರಬಹುದು ಅನ್ನುವುದು ನೆನಪಿರಲಿ. ಎರಡು ಪದರದ ಕೊಳವೆ ಇದ್ದವರಿಗೆ ಇದು ಪ್ರಯೋಜನವಿಲ್ಲ, ಹೊರ ಪದರ ತಣ್ಣಗೇ ಇರುತ್ತದೆ. ಅವರು ಸಣ್ಣ ತೂತಿನ ಮೂಲಕ ಒಳಗಿಳಿಯುವ ಕಡ್ಡಿಯ ಥರ್ಮಾಮೀಟರ್ ಹಾಕಿಸಬೇಕು. ಒಲೆ ತಲೆಯ ಮೇಲೆ ಇನ್ನೊಂದು ಇಟ್ಟರೆ ಇನ್ನೂ ಚೆನ್ನ. ಸುರಕ್ಷಿತ ಮಿತಿ ಎಷ್ಟು ಅಂತ ಆ ಒಲೆಯ ಕೈಪಿಡಿಯಲ್ಲೇ ನೋಡಬೇಕು, ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ.

ಒಲೆಯನ್ನೇ ಹೊಸದಾಗಿ ಆರಿಸುವವರಿಗೆ

ಉಕ್ಕಿನ ಒಲೆ ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ಬೀಡು ಕಬ್ಬಿಣ ಸ್ವಲ್ಪ ನಿಧಾನ. ಬಳಪದ ಕಲ್ಲಿನ ಹೊದಿಕೆ ಇರುವುದು ಕಾಯಲು ಬಹಳ ಹೊತ್ತು ತೆಗೆದುಕೊಂಡು, ಬೆಂಕಿ ಆರಿದ ಮೇಲೂ ಗಂಟೆಗಟ್ಟಲೆ ಹದವಾಗಿ ಬಿಸಿ ಬಿಡುತ್ತದೆ. ಸಂಜೆ ಮಾತ್ರ ಉರಿಸುವವರಿಗೆ ಉಕ್ಕು ಸರಿ. ದಿನವಿಡೀ ಮನೆಯಲ್ಲಿರುವವರು ಕಲ್ಲಿನದ್ದು ನೋಡಬಹುದು.

ರಾತ್ರಿಯಿಡೀ ಕಡಿಮೆ ಶಾಖ ಬೇಕೇ ಬೇಕು ಅನ್ನುವವರಿಗೆ ಕ್ಯಾಟಲಿಸ್ಟ್ ಇರುವ ಒಲೆ ಇದೆ. ಅದರೊಳಗಿನ ಜೇನುಗೂಡಿನಂಥ ಲೇಪಿತ ಬಿಲ್ಲೆಯಲ್ಲಿ ಹೊಗೆ ಸುಮಾರು 260 ಡಿಗ್ರಿಯಲ್ಲೇ ಉರಿಯಲು ಶುರುವಾಗುತ್ತದೆ, ಹಾಗಾಗಿ ಗಾಳಿ ಇಳಿಸಿ ನಿಧಾನವಾಗಿ ಉರಿಸಿದರೂ ಚಿಮಣಿಗೆ ಅಷ್ಟು ಹೊಗೆ ಹೋಗುವುದಿಲ್ಲ. ಆದರೆ ಬಿಲ್ಲೆ ಕಾಯುವ ಮೊದಲೇ ಹೊಗೆಯನ್ನು ಅದರೊಳಗೆ ಹಾಯಿಸಬಾರದು, ಕಸ ಉರಿಸಬಾರದು, ಕೆಲವು ವರ್ಷಕ್ಕೆ ಬದಲಾಯಿಸಬೇಕು. ಇಷ್ಟು ನಿಗಾ ಆಗದವರು ಕ್ಯಾಟಲಿಸ್ಟ್ ಇಲ್ಲದ್ದನ್ನೇ ತೆಗೆದುಕೊಂಡು ಚುರುಕಾಗಿ ಉರಿಸುವುದು ಲೇಸು.

ಗಾತ್ರದಲ್ಲಿ ಮಾತ್ರ ಆಸೆ ಬೇಡ. ಬೇಕಾದ್ದಕ್ಕಿಂತ ದೊಡ್ಡ ಒಲೆ ತಂದವರೇ ಕಿಂಡಿ ಮುಚ್ಚಿ ಕೂರುವುದು. ಕೋಣೆಗೆ ತಕ್ಕ ಸಣ್ಣ ಒಲೆಯನ್ನು ಅದರ ಪೂರ್ತಿ ಬಲದಲ್ಲಿ ಉರಿಸುವುದು ಎಲ್ಲ ರೀತಿಯಲ್ಲೂ ಕ್ಷೇಮ.

ಶಾಖ ಬೇರೆ ಕೋಣೆಗೆ ಹೋಗುತ್ತಿಲ್ಲ ಅಂತ ಒಲೆಯನ್ನು ಜಾಸ್ತಿ ಕಾಯಿಸಬೇಡಿ. ತಣ್ಣನೆ ಕೋಣೆಯ ನೆಲದ ಮೇಲೆ ಒಂದು ಸಣ್ಣ ಫ್ಯಾನ್ ಇಟ್ಟು ಒಲೆಯ ಕೋಣೆಯ ಕಡೆಗೆ ತಿರುಗಿಸಿ. ಕೆಳಗಿನ ತಣ್ಣನೆ ಗಾಳಿ ಒಲೆಯ ಕಡೆ ಬಂದಂತೆ, ಮೇಲಿನ ಬಿಸಿಗಾಳಿ ತಾನಾಗಿ ಆ ಕೋಣೆಗೆ ಹೋಗುತ್ತದೆ. ಬಿಸಿಗಾಳಿಯನ್ನು ತಳ್ಳುವುದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಕೈಮೀರಿದಾಗ

ಒಲೆಯೋ ಕೊಳವೆಯೋ ಕೆಂಪಾಗಿ ಹೊಳೆಯತೊಡಗಿದರೆ ಗಾಳಿಕಿಂಡಿ ಇಳಿಸಿ, ಬಾಗಿಲು ಮುಚ್ಚೇ ಇರಲಿ. ಇಲ್ಲಿ ಮಾತ್ರ ಗಾಳಿ ಕಟ್ಟುವುದು ಸರಿ. ನೀರು ಸುರಿಯಬೇಡಿ, ಕಬ್ಬಿಣ ಸೀಳಬಹುದು, ಆವಿ ಮುಖಕ್ಕೆ ಹೊಡೆಯುತ್ತದೆ. ಮತ್ತೆ ಮತ್ತೆ ಹೀಗಾದರೆ ಬಾಗಿಲ ಸುತ್ತಲಿನ ಗ್ಯಾಸ್ಕೆಟ್ ಹಗ್ಗ ಸವೆದಿರಬಹುದು. ಒಲೆ ತಣ್ಣಗಿರುವಾಗ ಒಂದು ಕಾಗದದ ಚೂರನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ, ಸಲೀಸಾಗಿ ಜಾರಿ ಬಂದರೆ ಹಗ್ಗ ಬದಲಾಯಿಸಿ.

ಹೊಗೆಯಾಡುತ್ತಿರುವ ಒಲೆಯ ಬಾಗಿಲನ್ನು ಒಮ್ಮೆಲೇ ತೆರೆಯಬಾರದು. ಒಳಗೆ ತುಂಬಿದ ಅನಿಲಕ್ಕೆ ಗಾಳಿ ಸಿಕ್ಕಿದ ಕೂಡಲೇ ಭುಗ್ಗೆಂದು ಹೊರಗೆ ಚಿಮ್ಮುತ್ತದೆ. ಮೊದಲು ಕಿಂಡಿ ತೆರೆಯಿರಿ, ಜ್ವಾಲೆ ಬರಲಿ, ಆಮೇಲೆ ಬಾಗಿಲನ್ನು ಒಂದು ಬೆರಳಷ್ಟು ತೆರೆದು ತಡೆದು, ಮತ್ತೆ ಪೂರ್ತಿ ತೆರೆಯಿರಿ.

ಚಿಮಣಿಯಿಂದ ರೈಲು ಹೋದಂಥ ಗರ್ಜನೆ ಕೇಳಿದರೆ, ತುದಿಯಲ್ಲಿ ಕಿಡಿ ಅಥವಾ ಜ್ವಾಲೆ ಕಂಡರೆ ಚಿಮಣಿಗೆ ಬೆಂಕಿ ಹತ್ತಿದೆ. ಗಾಳಿಯನ್ನೆಲ್ಲ ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, ಅಗ್ನಿಶಾಮಕದವರನ್ನು ಕರೆಯಿರಿ. ತಾನಾಗಿ ಆರಿದಂತೆ ಕಂಡರೂ ಚಿಮಣಿಯನ್ನು ತಿಳಿದವರು ಪರೀಕ್ಷಿಸುವ ತನಕ ಮತ್ತೆ ಬೆಂಕಿ ಹಾಕಬೇಡಿ. ಇದು ಬಾರದೇ ಇರಬೇಕಾದರೆ ವರ್ಷಕ್ಕೆ ಒಂದು ಸಲವಾದರೂ ಚಿಮಣಿ ನೋಡಿಸಿ, ಒಳಗಿನ ಪದರ 3 ಮಿಲಿಮೀಟರ್ ಆಗುವಷ್ಟರಲ್ಲಿ ಉಜ್ಜಿಸಿ.

ಬೆಂಕಿ ಆರುವ ಹೊತ್ತಿನಲ್ಲಿ

ಜ್ವಾಲೆ ಹೋಗಿ ಬರೀ ಕೆಂಡ ಉಳಿದಾಗ ಹೊಗೆ ಕಾಣುವುದಿಲ್ಲ. ಇನ್ನೇನು ಅಪಾಯ ಅಂತ ಡ್ಯಾಂಪರ್ ಮುಚ್ಚಿ ಮಲಗಬೇಡಿ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತಲೇ ಇರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಿಮಣಿ ತಣಿಯುತ್ತಿರುವುದರಿಂದ ಸೆಳೆತವೂ ಆಗ ಕಡಿಮೆ. ತಲೆನೋವು, ತಲೆಸುತ್ತು, ವಾಕರಿಕೆ ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ಬಂದರೆ ತಡಮಾಡದೆ ಹೊರಗೆ ಬನ್ನಿ, ಅಲ್ಲಿಂದಲೇ ಸಹಾಯಕ್ಕೆ ಕರೆಯಿರಿ. ಈ ಅನಿಲ ಪತ್ತೆ ಹಚ್ಚುವ ಅಲಾರ್ಮ್ ಒಲೆಯ ಕೋಣೆಯಲ್ಲೂ ಮಲಗುವ ಕೋಣೆಯ ಹತ್ತಿರವೂ ಇರಲೇಬೇಕು. ಬೇರೆಲ್ಲ ಆಯ್ಕೆಯಲ್ಲಿ ನಿಮ್ಮ ಅನುಕೂಲ ನೋಡಿ, ಇದರಲ್ಲಿ ಬೇಡ.

ಬೂದಿಯನ್ನು ಮರುದಿನ ತೆಗೆದರೂ ಕೆಂಡ ಸತ್ತಿದೆ ಅಂದುಕೊಳ್ಳಬೇಡಿ, ಬೂದಿಯೊಳಗೆ ಅದು ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಮುಚ್ಚಳ ಇರುವ ಲೋಹದ ಡಬ್ಬಿಗೆ ತುಂಬಿ, ಮನೆಯ ಹೊರಗೆ, ಮರದ ನೆಲವಲ್ಲದ ಕಡೆ ಇಡಿ. ಒಲೆಯ ತಳದಲ್ಲಿ ಎರಡು ಸೆಂಟಿಮೀಟರ್‌ನಷ್ಟು ಬೂದಿ ಬಿಟ್ಟರೆ ಮುಂದಿನ ಬೆಂಕಿ ಬೇಗ ಹಿಡಿಯುತ್ತದೆ.